ಮೊಣಕಾಲಿನ ಕೆಳಗೆ

ಕೊಡಗು ಮೈಸೂರಿಗೆ ಸೇರಿದ ಹೊಸತರಲ್ಲಿ ನಾನು ಪೊನ್ನಂಪೇಟೆ ಹತ್ತಿರದ ಒಂದು ಊರಿಗೆ ಟೀಚರಾಗಿ ಹೋದೆ. ಕುಶಾಲನಗರದ ಕಡೆಯ ರೈತರ ಮನೆಯವಳು ನಾನು. ಕೊಡವರ ಸುಗ್ಗಿಹಬ್ಬ ಹುತ್ತರಿಯ ಹೆಸರು ಕೇಳಿದ್ದೆ, ಅಷ್ಟೆ. ಸಂಜೆ ವಾಚನಾಲಯ ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೇ ಬಂತು. ಅದರ ಜಗಲಿಯಲ್ಲೊಂದು ಕರಿಹಲಗೆ. ಊರಿನವರು ಯಾರು ಬೇಕಾದರೂ ಅದರ ಮೇಲೆ ಬರೆಯಬಹುದಿತ್ತು: ಹಸು ತಪ್ಪಿಸಿಕೊಂಡಿದೆ, ಡಾಕ್ಟರು ನಾಳೆ ಬರುತ್ತಾರೆ, ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಶುರು. ಓದು ಬಾರದ, ಎಸ್ಟೇಟಿನ ಕೂಲಿ ಲೈನಿನ ಹೆಂಗಸರಿಗೆ ನಾನೇ ಓದಿ ಹೇಳುತ್ತಿದ್ದೆ. ಆ ಹಲಗೆಯೆಂದರೆ ನನಗೆ ಪ್ರಾಣ. ಪರವೂರಿನಲ್ಲಿ ನನ್ನನ್ನು ನಾಲ್ಕು ಜನ ಹುಡುಕಿಕೊಂಡು ಬರುತ್ತಿದ್ದದ್ದೇ ಅದರಿಂದ.

ಕೆಟ್ಟದ್ದು ಒಂದು ಕಾಡುಹಂದಿಯಿಂದ. ಬೇಟೆಗೆ ಹೋದ ಇಬ್ಬರು ನೆರೆಮನೆಯವರು ಒಟ್ಟಿಗೇ ಗುಂಡು ಹೊಡೆದಿದ್ದರು. ಹಂದಿ ಬಿದ್ದದ್ದು ತನ್ನ ಗುಂಡಿಗೆ ಎಂದು ಅವರಲ್ಲೊಬ್ಬ, ಎಸ್ಟೇಟ್ ರೈಟರ್, ಹಲಗೆಯ ಮೇಲೆ ಬರೆದ. ಪಟ್ಟಾಳದಿಂದ, ಅಂದರೆ ಸೈನ್ಯದಿಂದ, ರಜೆಗೆ ಬಂದಿದ್ದ ಇನ್ನೊಬ್ಬ, ರೈಟರಿಗೆ ಲೆಕ್ಕ ಬರೆಯಲು ಬರುತ್ತದೆ, ಗುರಿ ಹಿಡಿಯಲು ಬರುವುದಿಲ್ಲ ಎಂದು ಅದರ ಕೆಳಗೇ ಬರೆದ. ಜನ ಓದಿ ನಕ್ಕರು, ನಾನೂ ನಕ್ಕೆ. ಆಮೇಲೆ ಮಾತು ಹಂದಿಯನ್ನು ಬಿಟ್ಟು ಮನೆತನಕ್ಕೆ ಹತ್ತಿತು. ನಾನು ಒರೆಸಿದರೆ ಬೆಳಗಾಗುವುದರೊಳಗೆ ಮತ್ತೆ ಬರೆದಿರುತ್ತಿದ್ದರು. ಸೀಮೆಸುಣ್ಣ ಬೀಗ ಹಾಕಿಟ್ಟೆ. ಆ ಮಹಾರಾಯರು ಎಲೆಅಡಿಕೆಯ ಸುಣ್ಣವನ್ನೇ ಬೆರಳಿಗೆ ಹಚ್ಚಿಕೊಂಡು ಬರೆದರು! ಅದನ್ನು ಉಜ್ಜಿ ಉಜ್ಜಿ ನನ್ನ ಕೈಯೇ ಬೆಂದುಹೋಯಿತು.

ಒಂದು ದಿನ ಹಲಗೆಯ ಮೇಲೆ ರೈಟರನ ತಾಯಿಯ ಬಗ್ಗೆ ಒಂದು ಕೆಟ್ಟ ಮಾತು ಬಂತು. ಒದ್ದೆ ಬಟ್ಟೆ ಹಿಡಿದು ಓಡಿದೆ, ಆದರೆ ವಾಚನಾಲಯದ ಅಧ್ಯಕ್ಷರಾದ ಮುದಿ ಸುಬೇದಾರರು ಆಗಲೇ ಓದಿಯಾಗಿತ್ತು. ಹುತ್ತರಿ ಕಳೆಯುವುದರೊಳಗೆ ಇದು ನಿಲ್ಲದಿದ್ದರೆ ಹಲಗೆ ಒಲೆಗೆ, ವಾಚನಾಲಯಕ್ಕೆ ಬೀಗ ಎಂದರು. ಅವರಿಬ್ಬರನ್ನೂ ಜಗಲಿ ಹತ್ತಗೊಡಬೇಡಿ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ.

"ಹೊಡ್ಕೊಳ್ಳಲಿ ಟೀಚರೇ, ಬೇಡ ಅಂದವರ್ಯಾರು? ಮುಖ ನೋಡಿ ಹೊಡೀಬೇಕು. ಮೊಣಕಾಲಿನ ಕೆಳಗೆ ಹೊಡೀಬೇಕು."

ಅವರ ಮಾತು ನನಗೆ ಅರ್ಥವಾದದ್ದು ಹುತ್ತರಿಯ ಮಾರನೆಯ ದಿನ, ಊರು ಹಬ್ಬಕ್ಕೆ ಸೇರುವ 'ಮಂದ್' ಎಂಬ ಜಾಗದಲ್ಲಿ. ಕೋಲಾಟ ಮುಗಿದು ಆ ಹುಲ್ಲಿನ ಬಯಲಿನಲ್ಲಿ ಪರೆಯಕಳಿ ಎಂಬ ಬೆತ್ತದ ಆಟ ಶುರುವಾಯಿತು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ. ಮೊಣಕಾಲಿನ ಕೆಳಗೆ ಮಾತ್ರ ಏಟು. ಮುಗಿದ ಮೇಲೆ ಹೊಡೆದವನೂ ತಿಂದವನೂ ಅಪ್ಪಿಕೊಳ್ಳಲೇಬೇಕು. ಸುಬೇದಾರರು ಇಬ್ಬರನ್ನೂ ಕರೆದು ನಡುವೆ ನಿಲ್ಲಿಸಿದರು. ಬೆತ್ತ ಬಿದ್ದ ಸದ್ದಿಗೆ ನಾನು ಕಣ್ಣು ಮುಚ್ಚಿಕೊಂಡೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ, ಇಲ್ಲಿಗೆ ಹಲಗೆಯ ಕಥೆ ಮುಗಿಯಿತು ಎಂದುಕೊಂಡೆ. ಕಣ್ಣು ಬಿಟ್ಟಾಗ ಇಬ್ಬರೂ ಕುಂಟುತ್ತಿದ್ದರು. ಪಟ್ಟಾಳದವನು ಬೆತ್ತ ಎಸೆದು ರೈಟರನ್ನು ತಬ್ಬಿಕೊಂಡ. ಆಮೇಲೆ ನೆಟ್ಟಗೆ ರೈಟರನ ತಾಯಿಯ ಹತ್ತಿರ ಹೋಗಿ ಕಾಲು ಮುಟ್ಟಿದ. ಆ ಅಜ್ಜಿ ಅವನ ಕಿವಿ ಹಿಂಡಿ, ತಲೆ ಸವರಿದರು. ನನಗೆ ಹೋದ ಜೀವ ಬಂದಂತಾಯಿತು, ಜನರೆದುರಿಗೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ದೂರದಿಂದಲೇ ಹಲಗೆಯ ಮೇಲೆ ಸುಣ್ಣದ ಅಕ್ಷರ ಕಂಡಿತು. ಒದ್ದೆ ಬಟ್ಟೆ ಹಿಡಿದೇ ಹತ್ತಿರ ಹೋದೆ. 'ಹಂದಿ ಯಾರ ಗುಂಡಿಗೆ ಬಿತ್ತೆಂದು ಹಂದಿಗೇ ಗೊತ್ತು. ಕಾಲಿಗೆ ಹಚ್ಚಲು ಎಣ್ಣೆ ಇದ್ದವರು ತಿಳಿಸುವುದು.' ಕೆಳಗೆ ಇಬ್ಬರ ಹೆಸರೂ ಇತ್ತು.

ಲೈನಿನ ಹೆಂಗಸರು ಬಂದಾಗ ಅದನ್ನೇ ಮೊದಲು ಓದಿ ಹೇಳಿದೆ. ಸೀಮೆಸುಣ್ಣದ ಬೀಗವನ್ನು ಅಂದೇ ತೆಗೆದೆ.