ಹೆಂಡತಿಯ ಹೆಸರು ಕರೆದ ಶುಕ್ರವಾರ

ಗಲ್ಫಿನ ಅಲ್ ಖೌದಿನಲ್ಲಿರುವ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯಲ್ಲಿ ರಷ್ಯಾದ ದಂಪತಿ ಇದ್ದಾರೆ. ಗಂಡ ಯೂನಿವರ್ಸಿಟಿಯಲ್ಲಿ ಮೇಷ್ಟರು. ಹೆಂಡತಿ ನೀರುದೋಸೆಯ ದೆಸೆಯಿಂದ ನಮ್ಮವಳ ಸ್ನೇಹಿತೆಯಾದವರು. ಒಂದು ಸಂಜೆ ಆಕೆ ಚಹಾಕ್ಕೆ ಬಂದಾಗ ಅವರ ಕಡೆಯ ಹೆಸರುಗಳ ಮಾತು ಬಂತು. ಒಬ್ಬಳ ಹೆಸರು ಮರಿಯಾ ಅಂತಿದ್ದರೆ ಅದು ಬರೀ ಆಫೀಸಿಗೆ, ಪಾಸ್‌ಪೋರ್ಟಿಗೆ. ಬಲ್ಲವರಿಗೆ ಅವಳು ಮಾಶಾ. ಪ್ರೀತಿ ಉಕ್ಕಿದರೆ ಮಾಶೆಂಕಾ, ಸಿಟ್ಟು ಬಂದರೆ ಮಾಶ್ಕಾ. ಹೆಸರಿನ ಬಾಲ ಕೇಳಿದರೆ ಸಾಕಂತೆ, ಮನೆಯ ಹವಾಮಾನ ಗೊತ್ತಾಗುತ್ತದೆ.

ನಾನು ಸುಮ್ಮನಿರಬೇಕಿತ್ತು. ಟೈಲ್ಸ್ ಮಾರುವವನಿಗೆ ಭಾಷಾಶಾಸ್ತ್ರ ಯಾಕೆ? ನಮ್ಮಲ್ಲೂ ಇದೆ ಎಂದು ಪುಟ್ಟ, ಅಪ್ಪಿ, ಕುಟ್ಟಿ ಅಂತೆಲ್ಲ ಭಾಷಣ ಬಿಗಿದೆ. ಆಕೆ ಶ್ರದ್ಧೆಯಿಂದ ಕೇಳಿ, ನನ್ನ ಹೆಂಡತಿಯತ್ತ ತಿರುಗಿ, "ನಿಮ್ಮವರು ನಿಮ್ಮನ್ನು ಏನೆಂದು ಕರೆಯುತ್ತಾರೆ?" ಎಂದರು.

"ಹೋಯ್ ಅಂತ," ಎಂದಳು ಇವಳು.

"ಅದು ಯಾವ ಹೆಸರಿನ ಮುದ್ದುರೂಪ?"

ನನ್ನ ಭಾಷಣ ಅಲ್ಲಿಗೆ ಖಲಾಸ್.

ಆಕೆ ಹೋದ ಮೇಲೆ ಇವಳು ಲೋಟ ತೊಳೆಯುತ್ತಾ, "ಇಲ್ಲಿ ಮಕ್ಕಳಿಗೆ ನಾನು ಮಮ್ಮಿ, ಉಳಿದವರಿಗೆ ಭಾಬಿ. ನನ್ನ ಹೆಸರು ಹಿಡಿದು ಕರೆಯುವವರೇ ಇಲ್ಲ ಮಾರಾಯ್ರೆ. ಅಮ್ಮ ಇರುವಾಗ ಫೋನಲ್ಲಾದ್ರೂ ಕರೀತಿದ್ರು," ಎಂದಳು. ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಚುರುಕ್ಕೆಂದಿತು.

ನನ್ನ ಅಪ್ಪ ನನ್ನ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದವನೇ ಅಲ್ಲ. ಗಿರಾಕಿಗಳ ಮುಂದೆ ಬಾಯಿ ಮುಚ್ಚದ ನಾನು, ಕಾರಿನಲ್ಲಿ ಒಬ್ಬನೇ ಕೂತು ಹೆಂಡತಿಯ ಹೆಸರನ್ನು ಅಭ್ಯಾಸ ಮಾಡಿದೆ. ರಷ್ಯನ್ ಬಾಲವನ್ನೂ ಅಂಟಿಸಿ ನೋಡಿದೆ; ಕೆಮ್ಮಿನ ಔಷಧದ ಹೆಸರಿನಂತೆ ಕೇಳಿಸಿತು. ಕೊನೆಗೆ ಬರಿಯ ಹೆಸರೇ ಸಾಕೆಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಸೋಫಾದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಕರೆದೇಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಇವಳು ಒದ್ದೆ ಕೈಯಲ್ಲೇ ಓಡಿಬಂದಳು. ಮುಖ ಬಿಳಚಿಕೊಂಡಿತ್ತು.

"ಊರಿಂದ ಫೋನ್ ಬಂತಾ? ಯಾರಿಗೆ ಎಂತಾಯ್ತು?"

ಆಗ ನೆನಪಾಯಿತು. ಮದುವೆಯಾದ ಮೇಲೆ ನಾನು ಅವಳ ಹೆಸರು ಕರೆದದ್ದು ಒಂದೇ ಸಲ, ಅವಳ ಅಮ್ಮ ತೀರಿಕೊಂಡ ಸುದ್ದಿ ಹೇಳುವಾಗ.

"ಯಾರಿಗೂ ಎಂತ ಆಗ್ಲಿಲ್ಲ. ಸುಮ್ಮನೆ ಕರೆದದ್ದು," ಎಂದೆ.

ಅವಳು ಪಕ್ಕದಲ್ಲಿ ಕುಸಿದು ಕುಳಿತಳು. ಆಮೇಲೆ ಕೈಯನ್ನು ನೈಟಿಗೆ ಒರೆಸಿಕೊಂಡು, "ಹಾಗಾದ್ರೆ ಇನ್ನೊಮ್ಮೆ ಕರೀರಿ," ಎಂದಳು.