ನಾಲ ಆದ ಮೇಲೆ ಐದು

ಆಗ ನಾಗಪುರದ ಧರಮಪೇಠದ ನಮ್ಮ ಗಲ್ಲಿಯಲ್ಲಿ ಇದ್ದದ್ದು ಎರಡೇ ಸ್ಕೂಟರು. ಉಳಿದ ಜಾಗವೆಲ್ಲ ಮಕ್ಕಳದು. ಬೇಸಿಗೆಯಲ್ಲಿ ಮನೆಮನೆಯ ಕೂಲರಿನಿಂದ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು. ಸಂಜೆ ನೆಲ ಇನ್ನೂ ಸುಡುತ್ತಿರುವಾಗಲೇ ಎಲ್ಲರೂ ವಿಟ್ಟಿ-ದಾಂಡು ಹಿಡಿದು ಬೀದಿಗಿಳಿಯುತ್ತಿದ್ದರು. ನಮ್ಮ ಧಾರವಾಡದ ಕಡೆ ಚಿಣಿಫಣಿ ಅನ್ನುತ್ತಾರಲ್ಲ, ಅದೇ ಚಿನ್ನಿದಾಂಡಿನ ಆಟ.

ನಾನು ಮಾತ್ರ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ನಾಗಪುರಕ್ಕೆ ಬಂದು ಎಂಟು ತಿಂಗಳಾಗಿತ್ತು. ನನಗೆ ಒಂಬತ್ತು ವರ್ಷ. ಮರಾಠಿ ಕಿವಿಗೆ ಬೀಳುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಗಲ್ಲಿಯ ಮಕ್ಕಳು ನನ್ನನ್ನು ‘ಮುಕಿ’, ಅಂದರೆ ಮೂಗಿ, ಎಂದೇ ಕರೆಯುತ್ತಿದ್ದರು.

“ಜೂನ್‌ನಾಗ ಗದಗಕ್ಕ ಕಳಸೂನು. ಮಾಮಾನ ಮನ್ಯಾಗ ಇದ್ದು ಕನ್ನಡ ಸಾಲಿಗೆ ಹೋಗ್ಲಿ,” ಎಂದರು ಅಪ್ಪ ಒಂದು ದಿನ. ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅವ್ವ ಸೌಟು ಕೆಳಗಿಟ್ಟು ನನ್ನನ್ನೇ ಕೇಳಿದಳು, “ನನ್ನ ಬಿಟ್ಟು ಇರ್ತೀಯೇನವಾ?” ಎಂಥ ಪ್ರಶ್ನೆ! ಅವಳ ಸೆರಗು ಹಿಡಿಯದೆ ನಿದ್ದೆಯೇ ಬಾರದ ಹುಡುಗಿ ನಾನು.

ಅದೇ ವಾರ ಎದುರು ಮನೆಯ ಮಂದಾ ನನ್ನನ್ನು ಆಟಕ್ಕೆ ಕೈಸನ್ನೆ ಮಾಡಿ ಕರೆದಳು. ಅವರಿಗೆ ಒಬ್ಬರು ಕಡಿಮೆ ಇದ್ದರು, ಅಷ್ಟೇ, ಪ್ರೀತಿಯೇನಲ್ಲ. ನಾನು ಹೊಡೆದ ವಿಟ್ಟಿ ಹಾರಿ ಗಟಾರದ ಹತ್ತಿರ ಬಿತ್ತು. ಅಲ್ಲಿಯವರೆಗಿನ ದೂರವನ್ನು ದಾಂಡು ಮಲಗಿಸಿ ಮಲಗಿಸಿ ಅಳೆಯಬೇಕು. ಒಂದೊಂದು ಅಳತೆಗೆ ಒಂದೊಂದರಂತೆ ಏಳು ಹೆಸರು. ಏಳನೆಯದು ‘ಝಕ್ಕು’, ಅಲ್ಲಿಗೆ ಒಂದು ಅಂಕ. ಮಂದಾ ಬಗ್ಗಿ ಶುರುಮಾಡಿದಳು: “ವಕಟ, ಲೇಂಡ, ಮೂಂಡ, ನಾಲ…”

ನಾಲ! ಮೈ ಜುಮ್ಮೆಂದಿತು. ನಮ್ಮ ನಾಲ್ಕೇ ಅಲ್ಲವೇ ಇದು? ಆದರೆ ಮುಂದಿನ ಅಳತೆಗೆ ಮಂದಾ “ಆರ” ಎಂದುಬಿಟ್ಟಳು.

“ಏಯ್, ಐದು! ನಾಲ್ಕಾದ ಮ್ಯಾಲ ಐದು! ಐದು ನುಂಗಿದಿ ನೀ!” ಗಂಟಲು ಹರಿಯುವಂತೆ ಕೂಗಿದೆ. ಒಂದು ಅಳತೆ ಹೆಚ್ಚಾದರೆ ನನ್ನದೇ ಅಂಕ ಹೋಗುತ್ತದೆಂಬ ಖಬರೂ ಇರಲಿಲ್ಲ.

ಗಲ್ಲಿಗೆ ಗಲ್ಲಿಯೇ ಬಾಯಿ ತೆರೆದು ನಿಂತಿತು. ಮುಕಿ ಮಾತಾಡಿದ್ದಳು.

“ಕಾಯ್ ಗ? ಆರಚ್ ಅಸತಂ!” ಏನೇ, ಅದು ‘ಆರ’ ಅಂತಲೇ ಇರುವುದು ಎಂದು ಮಂದಾ ಸೊಂಟಕ್ಕೆ ಕೈಯಿಟ್ಟಳು. ಅವಳಿಗೆ ಅದು ಬರೀ ಐದನೆಯ ಅಳತೆಯ ಹೆಸರು. ನನಗೆ ಆರು ಅಂದರೆ ಆರೇ. ಹರಳು ಆರಿಸಿ ಸಾಲಾಗಿಟ್ಟು, “ಹೇ ಏಕ್, ಹೇ ದೋನ್…” ಎಂದು ಎಣಿಸಿದೆ. ಎಂಟು ತಿಂಗಳು ಗಂಟಲಲ್ಲಿ ಕೂತಿದ್ದ ಮರಾಠಿ ಜಗಳದ ಭರದಲ್ಲಿ ಹೊರಬಿತ್ತು. ತಪ್ಪೋ ಒಪ್ಪೋ, ಯಾರಿಗೆ ಬೇಕಿತ್ತು! “ಮಾಝಂ ಬರೋಬರ್!” ನನ್ನದೇ ಸರಿ ಎಂದು ಕಾಲು ಅಪ್ಪಳಿಸಿದೆ.

ತಿರುಗಿದರೆ, ಬ್ಯಾಂಕಿನಿಂದ ಬಂದ ಅಪ್ಪ ಸೈಕಲ್ ಹಿಡಿದು ನಿಂತಿದ್ದರು. ಬೈಯಲಿಲ್ಲ. ಬಾಗಿಲಿಗೆ ಹೋಗಿ, “ಕೇಳಿದಿಯೇನ? ಗದಗ ಕ್ಯಾನ್ಸಲ್. ನಿನ್ನ ಮಗಳು ಮರಾಠ್ಯಾಗ ಜಗಳಾ ಆಡಾಕತ್ತಾಳ,” ಎಂದರು. ಅವ್ವ ಓಡಿಬಂದು ನಗುತ್ತಲೇ ಕಣ್ಣೊರೆಸಿಕೊಂಡಳು.

ಜಗಳ ಮೂರು ದಿನ ನಡೆದು ರಾಜಿಯಾಯಿತು. ಆರನೆಯ ಹೆಸರಾಗಿದ್ದ ‘ವೇದ’ವನ್ನು ತೆಗೆದು ನನ್ನ ಐದಕ್ಕೆ ಜಾಗ ಕೊಟ್ಟರು. ಆ ಬೇಸಿಗೆಯಿಡೀ ನಮ್ಮ ಗಲ್ಲಿ “ನಾಲ, ಐದು, ಆರ, ಝಕ್ಕು” ಎಂದೇ ಎಣಿಸಿತು. ಆಟದಿಂದ ಏನು ಸಿಗುತ್ತದೆ ಎಂದು ಈಗಿನ ತಾಯಂದಿರು ಕೇಳುತ್ತಾರೆ. ನನಗೆ ನನ್ನ ಅವ್ವನೇ ಸಿಕ್ಕಳು, ತಾಯೀ.

ಈಗ ಅಪ್ಪ ಇಲ್ಲ, ಅವ್ವನೂ ಇಲ್ಲ. ನನ್ನ ಮಕ್ಕಳದು ಮನೆಯಲ್ಲೂ ಮರಾಠಿಯೇ. ಇದನ್ನು ಅವರು ಓದಲಾರರು. ಗಲ್ಲಿಯ ತುಂಬ ಕ್ಲಿನಿಕ್ಕು, ಕಾರು. ದಾಂಡು ಮಲಗಿಸಲೂ ನೆಲವಿಲ್ಲ.

ಕಳೆದ ತಿಂಗಳು ಮೊಣಕಾಲಿನ ಆಪರೇಷನ್ ಆದ ಮಂದಾಳನ್ನು ನೋಡಲು ಹೋಗಿದ್ದೆ. ಹೊರಟಾಗ ಗೇಟಿನವರೆಗೆ ಬಂದಳು. ಊರುಗೋಲನ್ನು ಕುಟ್ಟುತ್ತ, ಒಂದೊಂದು ಹೆಜ್ಜೆಗೆ ಒಂದೊಂದು ಎಣಿಸಿದಳು. “ವಕಟ, ಲೇಂಡ, ಮೂಂಡ, ನಾಲ…” ಅಲ್ಲಿಗೆ ನಿಂತು ನನ್ನ ಮುಖ ನೋಡಿದಳು.

“ಐದು,” ಎಂದೆ.

ಅವ್ವ ಹೋದ ಮೇಲೆ ಈ ಊರಿನಲ್ಲಿ ನನ್ನ ಬಾಯಿಂದ ಕನ್ನಡ ಬರಲೆಂದು ಕಾದು ನಿಂತವಳು ಅವಳೊಬ್ಬಳೇ. ಅದೂ ಒಂದೇ ಮಾತಿಗೆ.