ಮೂರು ಚುಕ್ಕಿಯ ಕಾಫಿ ಮಿಲ್ಲು

ಅರಸೀಕೆರೆಗೆ ಬೆಳಗಿನ ಪ್ಯಾಸೆಂಜರ್ ಗಾಡಿ ಇನ್ನೂ ಬಂದಿಲ್ಲ. ಕೊಬ್ಬರಿ ಮಂಡಿಗಳ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಉಗ್ರಪ್ಪನವರು ಆಗಲೇ ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾರೆ. ಎದುರಿಗೆ ಹಲಗೆಗೆ ಬಿಗಿದ ಎರಕದ ಕಬ್ಬಿಣದ ಕಾಫಿ ಮಿಲ್ಲು. ಬಟ್ಟಲಿನಲ್ಲಿ ಬೀಜವಿಲ್ಲ. ಒಂದು ಅಂಗೈಯನ್ನು ಮಿಲ್ಲಿನ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಹಿಡಿಯನ್ನು ಅಲುಗಿಸಲು ನೋಡುತ್ತಾರೆ. ಅದು ಒಂದಿಷ್ಟೂ ಅಲುಗುವುದಿಲ್ಲ.

“ಜೀವ ಐತೆ ಸ್ವಾಮಿ. ಕಚ್ಕಂಡೈತೆ ಅಷ್ಟೆ,” ಎನ್ನುತ್ತಾರೆ.

ಅವರು ಕೆಲಸಕ್ಕೆ ಕೂರುವುದು ಬೆಳಗಿನ ಐದಕ್ಕೆ. ಏಳು ಗಂಟೆಗೆ ಮಂಡಿಗೆ ಲಾರಿಗಳು ಬರಲು ಶುರುವಾಗುತ್ತವೆ. “ಆಮೇಲೆ ನೆಲ ಅದುರ್ತದೆ. ಮಿಲ್ ಅದುರ್ತೋ ನೆಲ ಅದುರ್ತೋ ಗೊತ್ತಾಗಕಿಲ್ಲ. ಹಲ್ ತಗಲೋದು ಕಿವಿಗೆ ಕೇಳೋದಲ್ಲ, ಕೈಗೆ ಕೇಳೋದು.”

ಹಲಗೆಯ ಮೇಲಿರುವ ಆ ಮಿಲ್ಲು ಜಾವಗಲ್ಲಿನ ನಮ್ಮ ಮನೆಯದು. ನನ್ನ ಹೆಂಡತಿ ಸುಮಿತ್ರಮ್ಮ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವರು ಹೋದ ಮೇಲೆ ಮಿಲ್ಲನ್ನು ಯಾರೂ ಮುಟ್ಟಲಿಲ್ಲ. ಈ ಶ್ರಾವಣದಲ್ಲಿ ಒಂದು ಬೆಳಿಗ್ಗೆ ತಿರುಗಿಸಲು ಹೋದರೆ ತುಕ್ಕು ಹಿಡಿದು ನಿಂತುಹೋಗಿತ್ತು. ಗುಜರಿಗೆ ಹಾಕಿ, ಒಂದು ಮಿಕ್ಸಿ ತನ್ನಿ ಎಂದರು ನೆರೆಯವರು. ಮಿಕ್ಸಿಯೇನೋ ಸಿಗುತ್ತದೆ. ನಲವತ್ತು ವರ್ಷ ಆ ಮಿಲ್ಲಿನ ಸದ್ದಿಗೆ ಎದ್ದವನಿಗೆ ಆ ಸದ್ದು ಯಾವ ಅಂಗಡಿಯಲ್ಲಿ ಸಿಕ್ಕೀತು? ನಿನ್ನೆ ಸಂಜೆ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಈ ಸೀಮೆಯಲ್ಲಿ ಇಂಥ ಮಿಲ್ಲಿಗೆ ಮದ್ದು ಬಲ್ಲವರು ಇವರೊಬ್ಬರೇ ಎಂದು ಕೇಳಿದ್ದೆ.

ಉಗ್ರಪ್ಪನವರಿಗೆ ಅರವತ್ತಮೂರು ವರ್ಷ. ಹುಟ್ಟಿದ್ದು ಗಂಡಸಿ ಹತ್ತಿರದ ಕೇರಿಯಲ್ಲಿ. ತಂದೆ ರೈಲ್ವೆಯಲ್ಲಿ ಕಲ್ಲಿದ್ದಲು ಹೊರುತ್ತಿದ್ದರು. ಮಗ ಹದಿನಾರಕ್ಕೆ ಎಂಜಿನ್ ಶೆಡ್ಡಿಗೆ ದಿನಗೂಲಿಯಾಗಿ ಸೇರಿ, ಕರಿಯಯ್ಯ ಎಂಬ ಫಿಟ್ಟರ್ ಬಳಿ ಕಬ್ಬಿಣ ಉಜ್ಜುವ ಅರ ಹಿಡಿಯುವುದನ್ನು ಕಲಿತರು. ಆರು ವರ್ಷಕ್ಕೆ ಕೂಲಿ ಕೆಲಸ ನಿಂತಿತು. ಆದರೆ ಕೈ ಕಲಿತದ್ದು ಕೈಯಲ್ಲೇ ಉಳಿಯಿತು. ಒಂದು ದಿನ ಕರಿಯಯ್ಯನವರ ಮನೆಯ ಮಿಲ್ಲು ಕೆಟ್ಟಾಗ ಬಿಚ್ಚಿ ಸರಿಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಬೇರೆ ಕೆಲಸಕ್ಕೆ ಹೋದವರಲ್ಲ.

ಒಂದು ಮಿಲ್ಲಿಗೆ ನಾಲ್ಕು ದಿನ ಬೇಕು. ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಯಬೇಕು. ಮೂರನೆಯ ದಿನ ಬಿಚ್ಚುವುದು. ಒಳಗೆ ಹಲ್ಲುಳ್ಳ ಎರಡು ಬಿಲ್ಲೆಗಳಿರುತ್ತವೆ. ಎರಡರಲ್ಲೂ ಸೇರಿ ಎಪ್ಪತ್ತೆರಡು ಹಲ್ಲು. ಮುಮ್ಮೂಲೆಯ ಅರದಿಂದ ಒಂದೊಂದು ಹಲ್ಲಿಗೆ ಒಂಬತ್ತು ಎಳೆತ, ಹೆಚ್ಚಲ್ಲ ಕಡಿಮೆಯಲ್ಲ. ಜೋಡಿಸಿದ ಮೇಲೆ ಮೊದಲು ಅಕ್ಕಿ ಬೀಸುತ್ತಾರೆ. ಹಿಟ್ಟು ಕಪ್ಪಗೆ ಬರುತ್ತದೆ. ಅದು ಬೆಳ್ಳಗೆ ಬರುವವರೆಗೆ ಬೀಸಿದರೆ ಮಿಲ್ಲು ಶುದ್ಧವಾದ ಲೆಕ್ಕ. ಇದುವರೆಗೆ ಎಷ್ಟು ಮಿಲ್ಲು ಆಗಿರಬಹುದು ಎಂದರೆ ಗೋಡೆ ತೋರಿಸುತ್ತಾರೆ. ಸವೆದು ನುಣ್ಣಗಾದ ಅರಗಳನ್ನು ತಂತಿಗೆ ಪೋಣಿಸಿ ತೂಗುಹಾಕಿದ್ದಾರೆ. ನಾನು ನೂರರವರೆಗೆ ಎಣಿಸಿ ಬಿಟ್ಟೆ.

“ಈ ಹಳೇ ಮಿಲ್ಲಿನಲ್ಲಿ ಅಂಥದ್ದೇನಿದೆ?” ಎಂದು ಕೇಳುತ್ತೇನೆ.

ಅವರು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಇನ್ನೊಂದು ಮಿಲ್ಲಿನ ಅಚ್ಚಿನ ತುದಿಯ ಹಿತ್ತಾಳೆ ಬಳೆಯೊಂದನ್ನು ತೆಗೆದು ನನ್ನ ಕೈಗಿಡುತ್ತಾರೆ. “ನೋಡಿ. ಅಚ್ಚು ಸವೀಬಾರ್ದು ಅಂತ ಈ ಮೆತ್ತಗಿನ್ ಬಳೆ ಇಟ್ಟವ್ನೆ. ಸವೆಯೋದು ಇದೇಯ. ಬಳೆ ಬದಲಾಯ್ಸುದ್ರೆ ಮಿಲ್ ಹೊಸದು. ಎಲ್ಲಾನೂ ತಿರುಪು, ಎಲ್ಲಾನೂ ಬಿಚ್ಬೋದು. ಇದನ್ ಮಾಡ್ದೋನು ಯಾರೋ, ಯಾವ್ ದೇಸದೋನೋ. ಒಂದಿನ ಇದು ಕೆಡ್ತದೆ, ಅವತ್ತು ಒಬ್ಬ ಬಿಚ್ಚಕ್ ಕೂತ್ಕತಾನೆ ಅಂತ ಗೊತ್ತಿತ್ತು ಅವ್ನಿಗೆ. ನನ್ನ ನೆನೆಸ್ಕಂಡೇ ಮಾಡವ್ನೆ ಸ್ವಾಮಿ.”

ಮೂಲೆಯಲ್ಲಿ ಒಂದು ಮಿಕ್ಸಿ ಬಿದ್ದಿದೆ. ಯಾರೋ ಕೊಟ್ಟುಹೋದದ್ದು. ಅದರ ತಳಕ್ಕೆ ತಿರುಪೇ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. “ಇದನ್ ಮಾಡ್ದೋನು ಯಾರ್ನೂ ನೆನೆಸ್ಕಂಡಿಲ್ಲ,” ಎಂದು ನಗುತ್ತಾರೆ.

ಹೆಂಡತಿ ಚಲುವಮ್ಮ ಸೀಮೆಎಣ್ಣೆ ಡಬ್ಬ ತಂದಿಟ್ಟು ಮಾತಿಗೆ ಸೇರುತ್ತಾರೆ. “ಊರ್ನೋರ್ಗೆಲ್ಲ ಕಾಫಿ ಬೋಧನೆ. ಇವ್ರ ಸೊಸೆ ಮಂಜುಳ ಹಾಸನದಾಗೆ ಬಿಸ್ನೀರಿಗೆ ಪುಡಿ ಉದುರ್ಸಿ ಕುಡೀತಾಳೆ. ಅಲ್ಲಿ ಮಾತ್ರ ಬಾಯಿಲ್ಲ.”

“ಅವ್ಳು ಟೀಚರು ಕಣೇ. ಟೀಚರಿಗೆ ಪಾಠ ಹೇಳಕಾಯ್ತದಾ?”

ಮಗ ಭೀಮರಾಜ್ ಹಾಸನದಲ್ಲಿ ಬ್ಯಾಂಕಿನ ನೌಕರ. ಶೆಡ್ಡು ಮುಚ್ಚಿ ತನ್ನ ಜೊತೆಗಿರಿ ಎಂದು ಕರೆಯುತ್ತಾನೆ. ಉಗ್ರಪ್ಪನವರು ಹೋಗುತ್ತಾರೆ, ಎರಡು ದಿನ ಇದ್ದು ಬರುತ್ತಾರೆ. “ನಮ್ಮಪ್ಪ ಎಲ್ರುನ್ನೂ ಬುದ್ಧಿ ಅಂತಿದ್ದ. ನಾನು ಸ್ವಾಮಿ ಅಂದೆ. ನನ್ ಮಗ ಸಾರ್ ಅಂತಾನೆ. ಅಷ್ಟು ದೂರ ಬಂದಿದೀವಿ, ಸಾಕು.”

ಇಷ್ಟು ಹೊತ್ತಿಗೆ ಬೆಳಕು ಬಂದಿದೆ. ಅವರು ನಮ್ಮ ಮಿಲ್ಲನ್ನು ಹಲಗೆಯಿಂದ ಬಿಚ್ಚಿ ತಲೆಕೆಳಗು ಮಾಡಿ ತಳವನ್ನು ಬಟ್ಟೆಯಿಂದ ಒರೆಸುತ್ತಾರೆ. ಅಲ್ಲಿ ಉಳಿಯಿಂದ ಹೊಡೆದ ಮೂರು ಚುಕ್ಕಿಗಳು. ನಾನು ಅವನ್ನು ಎಂದೂ ಕಂಡವನಲ್ಲ.

“ಇದು ನಾನ್ ರಿಪೇರಿ ಮಾಡಿದ್ ಮಿಲ್ಲೇಯ,” ಎನ್ನುತ್ತಾರೆ. ಒಂದು ಸಲ ರಿಪೇರಿ ಮಾಡಿದರೆ ಒಂದು ಚುಕ್ಕಿ, ಅದು ಅವರ ಪದ್ಧತಿ. ಬಹುಪಾಲು ಮಿಲ್ಲುಗಳಿಗೆ ಒಂದೇ ಚುಕ್ಕಿ. ಸರಿಮಾಡಿದ ಮೇಲೆ ಹದಿನೈದು ವರ್ಷ ಅವರ ಮುಖ ನೋಡುವುದಿಲ್ಲ.

“ಮೂರು ಇದ್ದರೆ?”

ಅವರು ಚುಕ್ಕಿಗಳ ಮೇಲೆ ಇನ್ನೊಮ್ಮೆ ಬಟ್ಟೆ ಆಡಿಸುತ್ತಾರೆ. ಆಮೇಲೆ, “ಮೂರ್ ಚುಕ್ಕಿ ಅಂದ್ರೆ ಬಾವಿ ಇರೋ ಮನೆ,” ಎನ್ನುತ್ತಾರೆ.

ಮೊದಮೊದಲು ಅವರಿಗೇ ಅರ್ಥವಾಗಿರಲಿಲ್ಲವಂತೆ. ಕೆಲವು ಬೀದಿಗಳ ಮಿಲ್ಲು ವರ್ಷಾನುಗಟ್ಟಲೆ ತಿರುಗುತ್ತಿದ್ದವು. ಕೆಲವು ಬೀದಿಗಳವು ಎರಡೇ ತಿಂಗಳಿಗೆ ಹಲ್ಲೆಲ್ಲ ತುಕ್ಕಾಗಿ ಹಿಂದಕ್ಕೆ ಬರುತ್ತಿದ್ದವು. ತಪ್ಪು ತಮ್ಮದೇ ಎಂದುಕೊಂಡರು. ಸೀಮೆಎಣ್ಣೆ ಬದಲಾಯಿಸಿದರು. ಅಕ್ಕಿ ಬೀಸುವುದನ್ನು ಎರಡು ಸಲ ಹೆಚ್ಚು ಮಾಡಿದರು. ಬೇಲೂರು ಕಡೆಯ ತೇವದ ಗಾಳಿ ಎಂದುಕೊಂಡರು. ಹೀಗೇ ಎಂಟು ವರ್ಷ ಕಳೆಯಿತು. ಒಂದು ದಿನ, ಮಿಲ್ಲು ಕೊಟ್ಟುಬಂದ ಮನೆಯಲ್ಲಿ ಪಾನಾ ಮರೆತು ಹಿತ್ತಿಲ ಕಡೆಯಿಂದ ಮತ್ತೆ ಹೋದರು. ಬಾವಿಕಟ್ಟೆಯ ಮೇಲೆ ಆಗ ತಾನೇ ಕೊಟ್ಟ ಮಿಲ್ಲು ಇತ್ತು. ಮನೆಯಾಕೆ ಹುಣಸೆಹಣ್ಣು ಹಾಕಿ ಉಜ್ಜಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಇವರು ಮುಟ್ಟಿದ ಮಿಲ್ಲನ್ನು ಶುದ್ಧ ಮಾಡದೆ ಒಳಗೆ ಒಯ್ಯುವಂತಿರಲಿಲ್ಲ.

“ಹಲ್ಲಿಗೆ ಎಣ್ಣೆ ಹಾಕಂಗಿಲ್ಲ, ಬರೀ ಕಬ್ಬಿಣ. ಅದ್ಕೆ ನೀರ್ ಸೋಕುದ್ರೆ ಮುಗೀತು. ನಾನ್ ನಕ್ಬುಟ್ಟೆ ಸ್ವಾಮಿ. ಸದ್ಯ, ನನ್ ಕೆಲ್ಸ ಸರಿಯಾಗೇ ಐತಲ್ಲ ಅಂತ ಸಮಾಧಾನ ಆಯ್ತು.”

“ನಗ್ತಾರಂತೆ,” ಎನ್ನುತ್ತಾರೆ ಚಲುವಮ್ಮ, ಯಾರ ಮುಖವನ್ನೂ ನೋಡದೆ. “ಅವತ್ತು ಮುದ್ದೆ ಮುಂದಿಟ್ರೆ ಕೈ ತೊಳ್ಕಂಡ್ ಎದ್ದೋದ್ರು. ಎಲ್ಡ್ ದಿನ ಅರ ಮುಟ್ನಿಲ್ಲ.”

ಆ ಬಾವಿ ನಮ್ಮದೋ ಇನ್ನೊಬ್ಬರದೋ ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ನಮ್ಮ ಮನೆಯಲ್ಲೂ ಮೊದಲು ತಾಯಿ, ಅವರ ನಂತರ ಸುಮಿತ್ರಮ್ಮ ಮಿಲ್ಲನ್ನು ಹಾಗೆಯೇ ತೊಳೆದು ಒಳಗೆ ತಂದವರು. ನೀರು ಸೇದಿ ಕೊಟ್ಟವನು ನಾನು; ಹಿತ್ತಿಲಿಗೆ ಬಂದುಹೋಗುತ್ತಿದ್ದ ರಿಪೇರಿಯವರ ಮುಖ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅದೇ ಬಾವಿಯ ನೀರಿನಿಂದ ದಿನವೂ ಲಿಂಗಪೂಜೆ ಮಾಡಿದ್ದೇನೆ. ಮಿಲ್ಲು ಮತ್ತೆ ಕೆಟ್ಟಾಗ, “ರಿಪೇರಿಯವನ ಕೈ ಸರಿಯಿಲ್ಲ” ಎಂದದ್ದೂ ನನಗೆ ನೆನಪಿದೆ. ಶಿವನು ಕ್ಷಮಿಸಿದರೂ ಆ ಮೂರು ಚುಕ್ಕಿ ಅಳಿಯುವುದಿಲ್ಲ.

ಉಗ್ರಪ್ಪನವರಿಗೆ ಹೇಳಿದೆ. ಅವರು ಮಿಲ್ಲನ್ನು ಸೀಮೆಎಣ್ಣೆಯಲ್ಲಿ ನೆನೆಹಾಕತೊಡಗಿದರು. “ಗೊತ್ತಿತ್ತು ಬುಡಿ,” ಎಂದರು. “ಮಿಲ್ ಏನ್ ತಪ್ ಮಾಡೈತೆ?”

ಸ್ವಲ್ಪ ಹೊತ್ತಿನ ಮೇಲೆ, ತಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. “ಈ ಮಿಲ್ಲಿಗೆ ಐದ್ನೇ ಚುಕ್ಕಿ ಬೀಳಬಾರ್ದು,” ಎನ್ನುತ್ತಾರೆ. ಮತ್ತೆ ಏನೋ ನೆನಪಾದಂತೆ, “ಇಷ್ಟ್ ಮಿಲ್ ಮಾಡಿದೀನಿ. ಒಂದ್ ಮಿಲ್ಲಿನ ಕಾಫೀನಾದ್ರೂ ಆ ಮನೆ ಒಳಗ್ ಕೂತು ಕುಡ್ದಿಲ್ಲ. ಹಿತ್ಲಾಗೆ ತೆಂಗಿನ್ ಚಿಪ್ಪಿನಾಗೆ ಕೊಟ್ಟವ್ರೆ. ಕಾಫಿ ಚೆನ್ನಾಗೇ ಇರೋದು.”

ಐದನೆಯ ದಿನ ಅವರೇ ಮಿಲ್ಲನ್ನು ಹೆಗಲಿಗೇರಿಸಿಕೊಂಡು ಮೊದಲ ಬಸ್ಸಿಗೆ ಜಾವಗಲ್ಲಿಗೆ ಬಂದಿದ್ದಾರೆ. ಹಲಗೆ ಮಟ್ಟವಿರದಿದ್ದರೆ ಬಿಲ್ಲೆ ಒಂದೇ ಕಡೆ ಸವೆಯುತ್ತದೆ, ಆದ್ದರಿಂದ ತಾವೇ ಕೂರಿಸಬೇಕು ಎನ್ನುತ್ತಾರೆ. ಹಳೆಯ ಅಭ್ಯಾಸದಿಂದ ಹಿತ್ತಿಲ ಕಡೆಗೆ ಹೊರಟವರನ್ನು ಮುಂಬಾಗಿಲಿನಿಂದ ಕರೆದುಕೊಳ್ಳುತ್ತೇನೆ. ಅಡುಗೆಮನೆಯ ಬಾಗಿಲಲ್ಲಿ ಅವರ ಕಾಲು ಒಂದು ಗಳಿಗೆ ತಡೆಯುತ್ತದೆ. ಆಮೇಲೆ ಒಳಗೆ ಬರುತ್ತಾರೆ.

ಹಳೆಯ ಜಾಗದಲ್ಲೇ ಮಿಲ್ಲು ಕೂರುತ್ತದೆ. ತಳದಲ್ಲಿ ಈಗ ನಾಲ್ಕು ಚುಕ್ಕಿ. ಗೆಂಡೆಹಳ್ಳಿ ಕಡೆಯಿಂದ ತರಿಸಿ ಹುರಿಸಿಟ್ಟ ಬೀಜವನ್ನು ಒಂದು ಹಿಡಿ ಹಾಕಿ ತಿರುಗಿಸುತ್ತಾರೆ. ಗರಗರ ಸದ್ದು ಮನೆ ತುಂಬುತ್ತದೆ. ಸುಮಿತ್ರಮ್ಮ ಅರ್ಧಕ್ಕೆ ಒಮ್ಮೆ ನಿಲ್ಲಿಸಿ ಕೈ ಬದಲಾಯಿಸುತ್ತಿದ್ದರು. ಅರ್ಧಕ್ಕೆ ಸದ್ದು ನಿಲ್ಲುತ್ತದೆ. ಉಗ್ರಪ್ಪನವರು ಕೈ ಬದಲಾಯಿಸುತ್ತಿದ್ದಾರೆ. ನಾನು ದೇವರ ಮನೆಯ ಕಡೆ ತಿರುಗಿಕೊಳ್ಳುತ್ತೇನೆ.

ಪುಡಿಯನ್ನು ಅಂಗೈಗೆ ಸುರಿದುಕೊಂಡು ಮೂಸಿ, ಅವರು ಹೊರಗೆ ಹೋಗಿ ತೆಂಗಿನ ಮರದ ಬುಡಕ್ಕೆ ಹಾಕಿ ಬರುತ್ತಾರೆ.

“ಒಂದು ಲೋಟ ಕಾಫಿ ಕುಡಿದು ಹೋಗಿ,” ಎನ್ನುತ್ತೇನೆ.

“ಇವತ್ತು ಬ್ಯಾಡಿ. ಮೊದ್ಲ್ನೇ ಪುಡಿ ಕಬ್ಬಿಣದ್ ವಾಸ್ನೆ. ನನ್ ಮಿಲ್ಲಿನ್ ಕಾಫಿ ಕುಡುದ್ರೆ ಚೆನ್ನಾಗಿರೋದೇ ಕುಡೀತೀನಿ. ನಾಳೆ ಹಳೇಬೀಡಿಗೆ ಹೋಗೋದೈತೆ, ಬಸ್ಸು ಇಲ್ಲೇ ನಿಲ್ತದೆ. ಇಳ್ದು ಬತ್ತೀನಿ.”

ಪಾನಾ, ತಿರುಪುಳಿ ಎಲ್ಲವನ್ನೂ ಎಣಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಈ ಸಲ ಯಾವುದನ್ನೂ ಮರೆಯದೆ. ಮುಂಬಾಗಿಲ ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡುತ್ತಾರೆ.

“ಮಿಲ್ ತೊಳೀಬ್ಯಾಡಿ ಸ್ವಾಮಿ. ಲೋಟ ತೊಳ್ದಿಡಿ.”